ಸಂದು ಕೂಡಿದ ದೋಣಿ

ಹೊಳೆದಂಡೆಯ ಜಾಲಿ ಚಪ್ಪರವೇ ಶ್ರೀ ಉಳಿಯಜ್ಜನವರ ಮಠ. ಪೀಠವೆಂದರೆ ಒಂದು ಮರದ ದಿಮ್ಮಿ, ದಂಡವೆಂದರೆ ಕೈಯೊಳಗಿನ ಉಳಿ. ಪೂಜ್ಯರ ಪಕ್ಕದಲ್ಲಿ ಕೂತು ಹಲಗೆ ಹಿಡಿದವನು ನಾನು. ಈ ಸಂಗತಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸೀಮೆಯಲ್ಲಿಲ್ಲ. ಪೂಜ್ಯರು ಕೀಸುಳಿ ಆಡಿಸಿದರೆ ಏಳುತ್ತಿದ್ದ ಸಿಪ್ಪೆ ಎಷ್ಟು ತೆಳುವೆಂದರೆ, ಗಾಳಿಗೆ ಹಾರಿ ಆಚೆ ದಂಡೆಯ ಊರಲ್ಲಿ ಇಳಿಯುತ್ತಿತ್ತು. ಅಲ್ಲಿಯ ಹೆಣ್ಣುಮಕ್ಕಳು ಮಲ್ಲಿಗೆಯೆಂದು ಅದನ್ನು ಮುಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆಗ ಪೂಜ್ಯರು ಊರಿಗಾಗಿ ದೋಣಿ ಕಟ್ಟುತ್ತಿದ್ದರು. ಕಬ್ಬಿಣದ ಮೊಳೆಯಿಲ್ಲ, ಬರೀ ಮರದ ಗೂಟ. ಹಲಗೆಗಳನ್ನು ಕೆಸರಿನಲ್ಲಿ ಹೂತಿಟ್ಟು, ನೆರಳಲ್ಲಿ ಒಣಗಿಸಿ, ಹದಕ್ಕೆ ಬಂದಮೇಲೇ ಉಳಿ ಮುಟ್ಟಿಸುವರು. ಹಲಗೆ ಕೂಡಿಸಿದಾಗ ಸಂದಿಗೆ ಒಳಗಿನಿಂದ ವಿಭೂತಿ ಬಳಿದು ಹೊರಗಿನಿಂದ ನೀರು ಸುರಿಯುವರು. ವಿಭೂತಿ ಒದ್ದೆಯಾದರೆ ಬಿಚ್ಚಿ ಮತ್ತೆ ಕೀಸುವುದು. ಹೀಗೇ ಮಳೆಗಾಲಗಳು ಕಳೆದವು.

ಕಟ್ಟಿಗೆ ಮಿಲ್ಲಿನ ಅಡವೆಪ್ಪನಿಗೆ ಇದೊಂದು ತಮಾಷೆ. "ಅಜ್ಜಾರ, ಇದು ಮುಗಿಯೂದು ನನ್ನ ಕಾಲಕ್ಕೋ, ನನ್ನ ಮೊಮ್ಮಗನ ಕಾಲಕ್ಕೋ?" ಎಂದ.

"ನಿನ್ನ ಮೊಮ್ಮಗನೇ ಮೊದಲ ಹತ್ತಲಿ ಬಿಡಪಾ," ಎಂದರು ಪೂಜ್ಯರು.

ಅಡವೆಪ್ಪ ಹಟಕ್ಕೆ ಬಿದ್ದು ಹಸಿ ಮರವನ್ನೇ ಮಿಷನ್ನಿನಲ್ಲಿ ಕೊಯ್ದು, ವಾರದೊಳಗೆ ಮೊಳೆ ಬಡಿದು ತನ್ನದೊಂದು ದೋಣಿ ನಿಲ್ಲಿಸಿದ. ಬೇಸಿಗೆಯ ಬಿಸಿಲಿಗೆ ಅದರ ಹಲಗೆ ಒಣಗಿ ಕುಗ್ಗಿತು. ಸಂದಿನಲ್ಲಿ ಬೆರಳು ತೂರುವಂತಾಯಿತು.

ಮುಂದೆ ಮೇಲ್ಸೀಮೆಯ ಮಳೆಗೆ ಹೊಳೆ ಬಂತು. ಹುಣಸೆಮರಗಳು ಬೇರುಸಹಿತ ಕುಣಿಯುತ್ತ ಹೋದವು. ಒಂದರ ಮೇಲೆ ಕೂತಿದ್ದ ಮಂಗ ನನಗೆ ಕೈಬೀಸಿ ಹೋಯಿತು. ಅದೇ ಬೆಳಿಗ್ಗೆ ಅಡವೆಪ್ಪನ ಮಗಳು ನೀಲವ್ವನಿಗೆ ಹೆರಿಗೆನೋವು. ಕೂಸು ಅಡ್ಡ ತಿರುಗಿದೆ, ಆಚೆ ದಂಡೆಯ ದವಾಖಾನೆಗೆ ಒಯ್ಯದಿದ್ದರೆ ಇಬ್ಬರೂ ಬದುಕುವುದಿಲ್ಲ ಎಂದಳು ಸೂಲಗಿತ್ತಿ. ಅಡವೆಪ್ಪನ ದೋಣಿ ನೀರಿಗಿಳಿಸುತ್ತಲೇ ಮುಳುಗಿತು. ಪೂಜ್ಯರ ದೋಣಿಗೆ ಕಡೆಯ ಹಲಗೆ ಬಾಕಿ.

"ಎಂಥದರೆ ಒಂದು ಹಲಗಿ ಬಡದ ಬಿಡ್ರಿ ಅಜ್ಜಾರ, ಮಗಳು ಹೋಗ್ತಾಳ್ರಿ," ಎಂದು ಅಡವೆಪ್ಪ ಕಾಲು ಹಿಡಿದ.

"ನೀರಿಗೆ ನಿನ್ನ ಅವಸರ ಗೊತ್ತಿಲ್ಲಪಾ, ಸಂದು ಗೊತ್ತೈತಿ. ಹಲಗಿ ಹಿಡಿ," ಎಂದರು ಪೂಜ್ಯರು.

ಅಡವೆಪ್ಪ ಹಿಡಿದ. ಒಂದೊಂದೇ ಸಿಪ್ಪೆ ಎದ್ದಿತು. ದಂಡೆಯಲ್ಲಿ ಮಲಗಿಸಿದ್ದ ಮಗಳು ನರಳಿದಾಗಲೆಲ್ಲ ಅವನು ಅತ್ತ ತಿರುಗುತ್ತಿದ್ದ, ಪೂಜ್ಯರು ಹಲಗೆಯಿಂದ ಕಣ್ಣೆತ್ತಲಿಲ್ಲ. ಹಲಗೆ ಕೂಡಿಸಿ, ವಿಭೂತಿ ಬಳಿದು ನೀರು ಸುರಿದರು. ಒದ್ದೆ. ಅಡವೆಪ್ಪ ತಾನೇ ಹಲಗೆ ಬಿಚ್ಚಿ ಮತ್ತೆ ಪೂಜ್ಯರ ಮುಂದೆ ಹಿಡಿದ.

ಈ ಸಲ ವಿಭೂತಿ ಬೆಳ್ಳಗೇ ಉಳಿಯಿತು.

ಮೊದಲು ಹತ್ತಿದವಳು ನೀಲವ್ವ, ಅವಳ ಹೊಟ್ಟೆಯಲ್ಲಿ ಆ ಮೊಮ್ಮಗ. ದೋಣಿಗೆ ಹುಟ್ಟು ಹಾಕಿ ನಡೆಸಿದವನು ನಾನೇ. ಆ ನೀರಿನಲ್ಲಿ ಬೇರೆಯವರ ತೋಳು ನಿಲ್ಲುತ್ತಿರಲಿಲ್ಲ. ಆದರೂ ದಾಟಿಸಿದ್ದು ಪೂಜ್ಯರ ಸಂದುಗಳು. ಆಚೆ ದಂಡೆ ಮುಟ್ಟಿದಾಗಲೂ ವಿಭೂತಿ ಒಣಗಿಯೇ ಇತ್ತು. ಸಂಜೆಗೆ ಗಂಡುಕೂಸು, ತಾಯಿಯೂ ಕ್ಷೇಮ. ಸಂದಿನ ಆ ವಿಭೂತಿಯನ್ನೇ ಅಡವೆಪ್ಪ ಕೂಸಿನ ಹಣೆಗೆ ಹಚ್ಚಿದ.

ಹೊಳೆ ಇಳಿದ ಮೇಲೆ ಅವನು ಚಪ್ಪರಕ್ಕೆ ಬಂದು ಉಳಿ ಮಸೆಯಲು ಕೂತ. "ಏನ ಅಡವೆಪ್ಪಾ, ಮುಂದಿನ ದೋಣಿ ಯಾವಾಗ ಮುಗಿತೈತಿ?" ಎಂದು ದಾರಿಹೋಕರು ಕೆಣಕಿದರು.

ಅವನು ತಲೆಯೆತ್ತಲಿಲ್ಲ. "ಸಂದು ಕೂಡಿದಾಗ," ಎಂದ.