ಕದದ ಮೇಲಿನ ಮೊಗ್ಗು

ನದಿ ದಂಡೆಯ ಕ್ರೈಸ್ತರ ಇಗರ್ಜಿಯೊಂದಕ್ಕೆ ಇನಾಸ್ ಮೇಸ್ತ್ರಿಗಳು ಪೂಜೆಯ ಪೀಠದ ಮೇಲಿಡುವ ಚಿತ್ರ ಬರೆಯುತ್ತಿದ್ದರು. ಎರಡು ಕದಗಳಿರುವ ಮರದ ಹಲಗೆಯ ಮೇಲಿನ ಚಿತ್ರ. ಒಳಗೆಲ್ಲ ಬಂಗಾರ, ಕೆಂಪು, ನೀಲಿ. ಆದರೆ ಕದ ತೆರೆಯುವುದು ಹಬ್ಬದ ದಿನ ಮಾತ್ರ. ಉಳಿದ ದಿನಗಳಲ್ಲಿ ಜನರಿಗೆ ಕಾಣುವುದು ಮುಚ್ಚಿದ ಕದದ ಹೊರಮೈ. ಅದಕ್ಕೆ ಬರೀ ಬೂದು ಬಣ್ಣ.

ಹೊರಮೈ ಶಿಷ್ಯ ಬಾಸ್ತ್ಯಾಂವನ ಪಾಲಿಗೆ ಬಂತು. ಮರಿಯಮ್ಮನಿಗೆ ಮಗು ಹುಟ್ಟುವ ಸುದ್ದಿ ತಂದ ದೇವದೂತ, ಅವನ ಕೈಯಲ್ಲಿ ಲಿಲ್ಲಿ ಹೂ.

"ಆರು ವರ್ಷ ಕಲಿತದ್ದು ಬೂದಿ ಬಳಿಯಲಿಕ್ಕಾ ಮೇಸ್ತ್ರಿ?"

ಮೇಸ್ತ್ರಿಗಳು ಬೂದು ಬಣ್ಣದ ಬಟ್ಟಲನ್ನು ಅವನತ್ತ ಸರಿಸಿದರು.

ಬಾಸ್ತ್ಯಾಂವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಎಸಳು ಬಿಡಿಸುವ ತಾಳ್ಮೆ ಎಲ್ಲಿಂದ ಬರಬೇಕು? ದಂಟಿನ ತುದಿಗೆ ಒಂದು ಮೊಗ್ಗು ಎಳೆದು ಕೈತೊಳೆದುಕೊಂಡ.

"ಹೂ ಎಲ್ಲಿ?" ಎಂದರು ಮೇಸ್ತ್ರಿಗಳು.

"ಮುಚ್ಚಿದ ಕದವನ್ನು ಯಾರು ನೋಡುದು?"

ಕದಗಳು ಪೀಠಕ್ಕೇರಿದವು. ವಾರ ಕಳೆಯುವಷ್ಟರಲ್ಲಿ ಬಾಸ್ತ್ಯಾಂವ ಗಂಟು ಕಟ್ಟಿದ.

"ನನಗೆ ಈ ಕೆಲಸ ಬೇಡ ಮೇಸ್ತ್ರಿ. ಊರಿಗೆ ಹೋಗ್ತೇನೆ."

"ಹೋಗು ಮಾರಾಯ. ದಾರಿಯಲ್ಲೇ ಇಗರ್ಜಿ ಉಂಟಲ್ಲ, ಅಲ್ಲಿವರೆಗೆ ನಾನೂ ಬರ್ತೇನೆ."

ಬುಧವಾರದ ಬೆಳಿಗ್ಗೆ. ಪೂಜೆ ಇರಲಿಲ್ಲ, ಜನವೂ ಇರಲಿಲ್ಲ. ಮೀನು ಮಾರುವ ಕಾರ್ಮಿನಾಬಾಯಿ ಬುಟ್ಟಿಯನ್ನು ಹೊರಗಿಟ್ಟು ಬಂದು, ಕದದ ಮೇಲಿನ ಮೊಗ್ಗನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ದಿನಾ ಬರ್ತೀರಾ ಬಾಯಿ?" ಮೇಸ್ತ್ರಿಗಳು ಕೇಳಿದರು.

"ಬರ್ತೇನೆ. ಮಗಳು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಮೊದಲಿನ ಎರಡೂ ಹೊಟ್ಟೆಯಲ್ಲೇ ಹೋದವು. ಈಗ ಇದಕ್ಕೆ ಏಳು ತಿಂಗಳು." ಅವಳು ಮತ್ತೆ ಕದದತ್ತ ನೋಡಿದಳು. "ಬೇರೆ ಇಗರ್ಜಿಗಳಲ್ಲಿ ದೇವದೂತನ ಕೈಯಲ್ಲಿ ಅರಳಿದ ಹೂ ಇರ್ತದೆ. ಇಲ್ಲಿ ಮಾತ್ರ ಮೊಗ್ಗು. ನಮ್ಮದೂ ಇನ್ನೂ ಮೊಗ್ಗೇ ಅಲ್ವಾ? ಇದನ್ನು ಬರೆದ ಪುಣ್ಯಾತ್ಮನಿಗೆ ನನ್ನ ಸಂಕಟ ಹೇಗೆ ಗೊತ್ತಾಯ್ತೋ!"

ಅವಳು ಬುಟ್ಟಿ ಹೊತ್ತು ಹೊರಟುಹೋದಳು. ಬಾಸ್ತ್ಯಾಂವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗಂಟು ಬಿಚ್ಚಿ ಕುಂಚ ಹುಡುಕಿದ.

"ತಪ್ಪಾಯ್ತು ಮೇಸ್ತ್ರಿ. ನಾನು ಹೋಗುದಿಲ್ಲ. ಈಗಲೇ ಹೂ ಬಿಡಿಸ್ತೇನೆ, ಒಂದೊಂದು ಎಸಳೂ ಸರಿಯಾಗಿ."

ಮೇಸ್ತ್ರಿಗಳು ಅವನ ಕೈ ಹಿಡಿದರು.

"ಅವಳ ಮಗಳಿಗೆ ದಿನ ತುಂಬಲಿ. ಆಮೇಲೆ ಅರಳಿಸು."