ಬಾಗಿಲ ಬಳಿಯ ಜಾಗ

ನಾಲ್ವರು ಮಲಗುವ ಕೋಣೆಗೆ ಒಬ್ಬ ಶಿಷ್ಯ ಯಾರನ್ನೂ ಕೇಳದೆ ನಾಯಿಮರಿ ತಂದು ಕಟ್ಟಿದ. ಅದು ತಪ್ಪು. ಅವನಿಗೆ ಹಾಗೆ ಅನಿಸಿರಲಿಲ್ಲ. ಅವನು ಗುರುಗಳ ಬಳಿ ಬಂದದ್ದು ಉಳಿದವರ ಮೇಲೆ ದೂರು ಹೇಳಲು.

“ಗುರುಗಳೇ, ಚಿಕ್ಕ ಜಾಗದಲ್ಲಿ ನಾಲ್ಕು ಜನ ಇರುವಾಗ ಎಂಥ ಪ್ರಾಣಿಯನ್ನು ಸಾಕಬೇಕು? ದಯೆಯಿಂದ ಒಂದು ನಾಯಿಮರಿ ತಂದೆ. ಇಬ್ಬರು ದಿನವೂ ಬಯ್ಯುತ್ತಾರೆ. ನಾಯಿ ಬೇಡವಾದರೆ ಬೆಕ್ಕು ತರಲೇ?”

“ಮೂರನೆಯವನು?”

“ಅವನೇನೂ ಹೇಳುವುದಿಲ್ಲ. ಅವನಿಂದ ತೊಂದರೆಯಿಲ್ಲ.”

ಗುರುಗಳು ಎದ್ದರು. “ದಯೆಯ ಮಾತು ಆಮೇಲೆ ಆಡು. ಮೊದಲು ಇದನ್ನು ಕೇಳು,” ಎಂದರು. ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಒಂದೇ ಕೋಣೆಯ ಮನೆ. ಅದರಲ್ಲಿ ಅವನು, ಅವನ ಅಣ್ಣ, ಇಬ್ಬರ ತಾಯಿ, ಎರಡು ಮಗ್ಗ, ಒಂದು ಒಲೆ. ಮಗ್ಗಗಳ ಮೇಲೆ ಒಂದೊಂದು ಬೆಳಕಿಂಡಿಯಿತ್ತು. ಉಳಿದ ಬೆಳಕೆಲ್ಲ ಬಾಗಿಲಿನಿಂದ ಬರಬೇಕು. ತಾಯಿ ಹೊಸ್ತಿಲ ಒಳಗೆ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿಯೇ ಕಂಡಿಕೆ. ಅವಳ ಕಣ್ಣು ಮಂಜಾಗಿತ್ತು. ಆದರೂ ಬಾಗಿಲ ಬೆಳಕು ಇರುವ ತನಕ ಅವಳು ಸುತ್ತಿದ ನೂಲಿಗೆ ಗಂಟು ಬೀಳುತ್ತಿರಲಿಲ್ಲ. ಮಕ್ಕಳಿಬ್ಬರು ನೇಯುವ ಸೀರೆಗಳು ನಿಂತಿದ್ದದ್ದು ಆ ನೂಲಿನ ಮೇಲೆ.

ಒಮ್ಮೆ ಊರ ಹೊರಗೆ ಕುರಿಮಂದೆ ಇಳಿದಿತ್ತು. ಕುರಿಗಾಹಿಯ ಬಳಿ ಎರಡು ನಾಯಿಮರಿಗಳಿದ್ದವು. ಒಂದು ಗಿಡ್ಡ ಕಾಲಿನದು. ಇನ್ನೊಂದು ಬೇಟೆಯ ತಳಿ, ಉದ್ದ ಕಾಲು, ಸಣ್ಣ ಸೊಂಟ. ನೇಕಾರ ಉದ್ದ ಕಾಲಿನದನ್ನು ಎತ್ತಿಕೊಂಡ.

“ಮನೆಯೊಳಗೆ ಸಾಕುವುದಾದರೆ ಗಿಡ್ಡನನ್ನು ಒಯ್ಯಿರಿ, ಯಜಮಾನರೇ,” ಎಂದ ಕುರಿಗಾಹಿ. “ಮೂಲೆಯಲ್ಲಿ ಬಿದ್ದಿರುತ್ತದೆ. ನಿಮ್ಮ ಕೈಯಲ್ಲಿರುವುದು ಓಡುವ ಜಾತಿ. ಅದಕ್ಕೆ ಬಯಲು ಬೇಕು.”

“ಗಿಡ್ಡನನ್ನು ಯಾರು ನೋಡುತ್ತಾರೆ?” ಎಂದ ನೇಕಾರ.

ಮನೆಗೆ ಬಂದ ಮೇಲೆ ಅಣ್ಣನನ್ನು ಕೇಳಿದ. ತಂದಾದ ಮೇಲೆ ಕೇಳುವುದನ್ನು ಕೇಳುವುದು ಎನ್ನಬಹುದಾದರೆ, ಕೇಳಿದ.

“ಇರಲಿ,” ಎಂದ ಅಣ್ಣ. “ನನ್ನ ಮಗ್ಗದ ಹತ್ತಿರ ಬಂದರೆ ಮಾತ್ರ ನಾಯಿಯನ್ನಲ್ಲ, ನಿನ್ನನ್ನು ಕಟ್ಟಿಹಾಕುತ್ತೇನೆ.”

ನೇಕಾರ ನಕ್ಕ. ತನ್ನ ಮಗ್ಗದ ಹತ್ತಿರವೂ ಅವನಿಗೆ ನಾಯಿ ಬೇಡವಾಗಿತ್ತು. ಒಲೆಯ ಬಳಿ ಆಗದು. ಉಳಿದದ್ದು ಬಾಗಿಲು. ತಾಯಿ ಏನೂ ಹೇಳಲಿಲ್ಲ. ಏನೂ ಹೇಳದವರ ಜಾಗವನ್ನು ಅವನು ಖಾಲಿ ಜಾಗವೆಂದು ತಿಳಿದ. ರಾಟೆಯನ್ನು ಒಳಮೂಲೆಗೆ ತಳ್ಳಿದ. ನಾಯಿಯನ್ನು ಬಾಗಿಲ ಚೌಕಟ್ಟಿಗೆ ನಾಲ್ಕು ಮೊಳ ಹಗ್ಗದಲ್ಲಿ ಕಟ್ಟಿದ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು, ಹೊಗಳಿದರು. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ. ಇಂಥದ್ದನ್ನು ಪ್ರಾಣಿಪ್ರೀತಿ ಎನ್ನುವವರಿದ್ದಾರೆ. ನಾನು ಎನ್ನುವುದಿಲ್ಲ.

ನಾಯಿ ಬೆಳೆಯಿತು. ಹಗ್ಗ ಬೆಳೆಯಲಿಲ್ಲ. ಬೀದಿಯಲ್ಲಿ ಕೋಳಿ ಓಡಿದರೆ ನಾಯಿ ನೆಗೆಯುತ್ತಿತ್ತು, ಹಗ್ಗ ಅದನ್ನು ಕೆಡವುತ್ತಿತ್ತು. ಎದ್ದು ಮತ್ತೆ ನೆಗೆಯುತ್ತಿತ್ತು. ಕುತ್ತಿಗೆಯ ಕೂದಲು ಉದುರಿ ಚರ್ಮ ಕೆಂಪಾಯಿತು. ಹಗಲೆಲ್ಲ ಬೊಗಳಿತು. ಒಳಮೂಲೆಯ ಕತ್ತಲಲ್ಲಿ ತಾಯಿ ಎಳೆಯನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದಳು. ಕಂಡಿಕೆಗಳಲ್ಲಿ ಗಂಟು ಬಿದ್ದವು. ಗಂಟು ಬಂದಲ್ಲಿ ಎಳೆ ಹರಿಯಿತು, ಸೀರೆ ಕೆಟ್ಟಿತು. ನೇಕಾರ ನಾಯಿಗೆ ಹೊಡೆದ. ತಾಯಿಯನ್ನು ಬಯ್ದ. ತನ್ನನ್ನು ಮಾತ್ರ ಏನೂ ಅಂದುಕೊಳ್ಳಲಿಲ್ಲ.

ಒಂದು ದಿನ ಅಣ್ಣನ ಮಗ್ಗದಲ್ಲೂ ಸೀರೆ ಕೆಟ್ಟಿತು. ನಾಯಿಯ ಬೊಗಳಿಕೆಯಲ್ಲಿ ಮನಸ್ಸು ನಿಲ್ಲುವುದಿಲ್ಲ, ಒಂದೋ ನಾಯಿ ಇರಬೇಕು, ಇಲ್ಲವೆ ನಾನಿರಬೇಕು ಎಂದ ಅಣ್ಣ. ನೇಕಾರ ಚೌಕಟ್ಟಿನಿಂದ ಹಗ್ಗ ಬಿಚ್ಚಿ, ನಾಯಿಯನ್ನು ಎಳೆದುಕೊಂಡು ಹೊರಟ.

ತಾಯಿ ಮೂಲೆಯಿಂದ ಕೇಳಿದಳು: “ಎಲ್ಲಿಗೋ?”

“ಹೊಳೆಯಾಚೆ ಬಿಟ್ಟು ಬರುತ್ತೇನೆ, ಅವ್ವ. ಎಲ್ಲಾದರೂ ಸಿಕ್ಕಿದ್ದು ತಿಂದುಕೊಂಡಿರಲಿ.”

“ಹಾಗಾದರೆ ನನಗೂ ಒಂದು ಹಗ್ಗ ಹಾಕು. ಮೂಲೆಗೆ ಸರಿಸಿ ಆಯಿತು, ಇನ್ನು ಬಿಟ್ಟು ಬರುವುದು ತಾನೆ? ಎರಡು ಸಲ ಯಾಕೆ ತಿರುಗುತ್ತೀ?”

ನೇಕಾರನಿಗೆ ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಆಮೇಲೆ ಹೊಳೆಯ ದಾರಿ ಬಿಟ್ಟು ಕುರಿಗಾಹಿಯನ್ನು ಹುಡುಕಿಕೊಂಡು ಹೋದ. ಮಂದೆ ಆಗ ಎರಡು ದಿನದ ದಾರಿಯಷ್ಟು ದೂರದಲ್ಲಿತ್ತು.

ಕುರಿಗಾಹಿ ನಾಯಿಯ ಕುತ್ತಿಗೆ ನೋಡಿದ. ಹಗ್ಗ ತೆಗೆದು ಬೆನ್ನು ತಟ್ಟಿದ. ನಾಯಿ ನೆಗೆಯಿತು. ನಾಲ್ಕು ಮೊಳ ಹೋಗಿ ತಾನಾಗಿಯೇ ನಿಂತಿತು. ಅಲ್ಲಿಂದ ತಿರುಗಿ, ಬಂದ ದಾರಿಯಲ್ಲೇ ಸುತ್ತುಹಾಕತೊಡಗಿತು. ಅದರ ಮುಂದೆ ಇಡೀ ಬಯಲಿತ್ತು.

“ಹಗ್ಗ ನಿಮ್ಮದು, ಯಜಮಾನರೇ,” ಎಂದ ಕುರಿಗಾಹಿ. “ತೆಗೆದುಕೊಂಡು ಹೋಗಿ.”

ನೇಕಾರ ಮನೆಗೆ ಬಂದವನೇ ರಾಟೆಯನ್ನು ಎತ್ತಿ ಬಾಗಿಲ ಬಳಿ ಇಟ್ಟ. ನೆಲ ಗುಡಿಸಿದ. ಚಾಪೆ ಹಾಸಿದ. “ಅವ್ವ, ಬಾ, ಕುಳಿತುಕೋ,” ಎಂದ.

ತಾಯಿ ಎದ್ದು ಬಂದಳು. ರಾಟೆಯನ್ನು ಹಿಡಿದು ಮತ್ತೆ ಮೂಲೆಗೆ ಎಳೆದುಕೊಂಡಳು.

“ಬೇಡಪ್ಪ. ಇಲ್ಲಿ ಒಗ್ಗಿಹೋಗಿದೆ. ನಾಳೆ ಮತ್ತೇನು ತರುತ್ತೀಯೋ.”

ಗುರುಗಳು ಕತೆ ನಿಲ್ಲಿಸಿದರು. ನಡೆಯುವುದನ್ನು ನಿಲ್ಲಿಸಲಿಲ್ಲ.

ಶಿಷ್ಯನಿಗೆ ಸಮಾಧಾನವಾಯಿತು. “ಸರಿ ಗುರುಗಳೇ. ಬೇಟೆನಾಯಿ ಆರಿಸಿದ್ದು ಅವನ ತಪ್ಪು. ನಾನು ತಂದದ್ದು ಗಿಡ್ಡ ಜಾತಿಯದೇ. ಮೂಲೆಯಲ್ಲಿ ಬಿದ್ದಿರುತ್ತದೆ.”

“ಯಾರ ಮೂಲೆಯಲ್ಲಿ?”

ಶಿಷ್ಯ ತಲೆ ತಗ್ಗಿಸಿದ.

“ಮೂರನೆಯವನಿಗೆ ಕೆಮ್ಮು. ಕಿಟಕಿಯ ಗಾಳಿ ಬೇಕೆಂದು ಅವನಿಗೆ ಆ ಮೂಲೆ ಕೊಟ್ಟವನು ನಾನು. ಈ ಬೆಳಿಗ್ಗೆ ಕೋಣೆಗೆ ಹೋಗಿದ್ದೆ. ಅಲ್ಲಿ ನಿನ್ನ ಮರಿ ಮಲಗಿದೆ. ಅವನ ಚಾಪೆ ಸೌದೆ ರಾಶಿಯ ಪಕ್ಕಕ್ಕೆ ಬಂದಿದೆ, ಧೂಳಿನಲ್ಲಿ. ನಿನ್ನ ಚಾಪೆ ಒಂದು ಬೆರಳಷ್ಟೂ ಸರಿದಿಲ್ಲ. ದಯೆ ನಿನ್ನದು, ಜಾಗ ಅವನದು. ನಾಯಿಯೋ ಬೆಕ್ಕೋ ಎಂದು ನನ್ನನ್ನು ಕೇಳಲು ಬಂದೆಯಲ್ಲ, ಅವನನ್ನು ಕೇಳಿದೆಯಾ?”

ಶಿಷ್ಯ ಕೋಣೆಯ ಕಡೆ ನೋಡಿದ.

“ಏಳು, ನಿನ್ನ ಚಾಪೆ ಎತ್ತಿ ಆ ಸೌದೆಯ ಪಕ್ಕ ಹಾಸು.”