ಕಾವು ಯಂತ್ರ ನುಂಗಿಕೊಂಡ ಮಾತು

ಚನ್ನೇಗೌಡರ ಕೋಳಿಮರಿ ಕೇಂದ್ರದಲ್ಲಿ ಮೊಟ್ಟೆಗಳಿಗೆ ಕಾವು ಕೊಡುವ ಒಂದು ದೊಡ್ಡ ಯಂತ್ರವಿತ್ತು. ಕಾವು, ತೇವ, ಒಳಗಿನ ಮರಿ ಚಿಪ್ಪಿಗೆ ಅಂಟದಂತೆ ಗಂಟೆಗೊಮ್ಮೆ ತಟ್ಟೆಗಳಲ್ಲಿನ ಮೊಟ್ಟೆ ಹೊರಳಿಸುವುದು, ಎಲ್ಲಕ್ಕೂ ಅಪ್ಪಣೆ ಕೊಡುತ್ತಿದ್ದದ್ದು ಕಂಪ್ಯೂಟರ್. ಅಪ್ಪಣೆ ನಡೆಯದಿದ್ದರೆ ಪರದೆಯ ಮೇಲೆ ಒಂದೇ ಮಾತು ಮೂಡುತ್ತಿತ್ತು: ‘ಕೆಲಸ ಆಗಲಿಲ್ಲ.’ ಯಾವ ಕೆಲಸ, ಏಕೆ ಆಗಲಿಲ್ಲ ಎಂಬುದು ಆ ದೇವರಿಗೇ ಗೊತ್ತು.

ಯಂತ್ರ ನೋಡಿಕೊಳ್ಳುತ್ತಿದ್ದವಳು ಪುಟ್ಟಲಿಂಗಮ್ಮ. ಮೊಟ್ಟೆ ಇಟ್ಟ ಮೂರನೆಯ ದಿನ ಆ ಮಾತು ಮೂಡಿತು. ಕಾವು ಸಾಲದೇನೋ ಎಂದು ಬಾಗಿಲ ಸಂದಿಗೆ ಗೋಣಿ ತುರುಕಿದಳು. ಮತ್ತೆ ಮೂಡಿತು. ತೇವ ಸಾಲದೇನೋ ಎಂದು ತೊಟ್ಟಿಗೆ ನೀರು ಸುರಿದಳು. ಹೀಗೇ ಹದಿನೈದು ದಿನ ಹೆಣಗಿದಳು. ಇಪ್ಪತ್ತೊಂದನೆಯ ದಿನ ನೋಡಿದರೆ, ಒಂದು ತಟ್ಟೆಯ ಮರಿಗಳೆಲ್ಲ ಚಿಪ್ಪಿಗೆ ಅಂಟಿಕೊಂಡು ಒಳಗೇ ಸತ್ತಿದ್ದವು.

ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು ಗೌಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ತಂತ್ರಾಂಶ ಬರೆದ ಸುಕನ್ಯಾಳನ್ನೂ ಕರೆಸಿದರು. ಅವಳು ಕಂಪ್ಯೂಟರಿನ ಒಳಗಿನ ದಾಖಲೆ ತೆರೆದು ಹೆಮ್ಮೆಯಿಂದಲೇ ತೋರಿಸಿದಳು. ನಾಲ್ಕನೆಯ ತಟ್ಟೆಯ ಮೋಟಾರು ಸಿಕ್ಕಿಕೊಂಡಿದೆ, ಮೊಟ್ಟೆ ಹೊರಳಿಲ್ಲ ಎಂದು ಗಂಟೆಗಂಟೆಗೂ ಅಲ್ಲಿ ಬರೆದಿತ್ತು. ಕೆಲಸದವರು ಗಾಬರಿಯಾಗಬಾರದೆಂದು ಇದನ್ನೆಲ್ಲ ಪರದೆಗೆ ತಂದಿರಲಿಲ್ಲವಂತೆ.

ಪುಟ್ಟಲಿಂಗಮ್ಮ ಪರದೆಯನ್ನೇ ನೋಡುತ್ತ ನಿಂತಳು.

“ಅದಕ್ಕೆ ಗೊತ್ತಿತ್ತಾ ಮೇಡಮ್? ಗೊತ್ತಿದ್ದೂ ನಂಗೆ ಹೇಳ್ಲಿಲ್ವಾ? ಹೇಳಿದ್ರೆ ನಾನು ಕೈಯಲ್ಲೇ ಹೊರಳಿಸ್ತಿದ್ದೆನಲ್ಲಾ.”

ಸುಕನ್ಯಾಳಿಗೆ ನಾಚಿಕೆಯಾಯಿತು. ತಪ್ಪು ತನ್ನದು, ಇವರನ್ನು ಕೆಲಸದಿಂದ ತೆಗೆಯಬೇಡಿ ಎಂದು ಗೌಡರನ್ನು ಒಪ್ಪಿಸಿದಳು. ಅಲ್ಲೇ ಕೂತು ತಂತ್ರಾಂಶ ತಿದ್ದಿದಳು. ಒಂದೊಂದು ವಾಕ್ಯವನ್ನೂ ಪುಟ್ಟಲಿಂಗಮ್ಮನಿಗೆ ಓದಿ ಹೇಳಿ, ಅವಳಿಗೆ ತಿಳಿದರೆ ಮಾತ್ರ ಉಳಿಸಿಕೊಂಡಳು.

ಮುಂದಿನ ಸಲ ಪರದೆ ಹೀಗೆಂದಿತು: ‘ಎರಡನೆಯ ತಟ್ಟೆ ಹೊರಳಲಿಲ್ಲ. ಮೋಟಾರು ಸಿಕ್ಕಿಕೊಂಡಿದೆ. ರಿಪೇರಿ ಆಗುವವರೆಗೆ ಕೈಯಿಂದ ಹೊರಳಿಸಿ.’ ಪುಟ್ಟಲಿಂಗಮ್ಮ ಹಾಗೇ ಮಾಡಿದಳು. ಇಪ್ಪತ್ತೊಂದನೆಯ ದಿನ ಕೋಣೆಯ ತುಂಬ ಚಿಂವ್ ಚಿಂವ್ ಸದ್ದು.

ಗೌಡರು ಬಂದು ನಿಂತರು. ‘ತಪ್ಪಾಯ್ತು’ ಎನ್ನುವಂತೆ ಒಂದು ಮರಿಯನ್ನು ಮೆಲ್ಲಗೆ ಎತ್ತಿ ಅವಳ ಅಂಗೈಯಲ್ಲಿಟ್ಟರು.

ನೀತಿ: ‘ಆಗಲಿಲ್ಲ’ ಎಂದಷ್ಟೇ ಹೇಳಿದರೆ ಹೇಳದಂತೆಯೇ. ಏನು, ಎಲ್ಲಿ, ಏಕೆ ಆಗಲಿಲ್ಲ ಎಂದು ಹೇಳಿದರೆ ಕೇಳಿದವರು ಸರಿಪಡಿಸಿಯಾರು. ತಿಳಿದದ್ದನ್ನು ಮುಚ್ಚಿಟ್ಟು, ತಿಳಿಯದವರನ್ನು ದೂರುವುದು ಅನ್ಯಾಯ.